ಹೆಪಟೈಟಿಸ್ ಸಿ ಎರಡು ಸಲ ಮರುಕಳಿಸಿದೆ, ಇನ್ನೊಂದು ಸಲ ಚಿಕಿತ್ಸೆ ಮಾಡಬಹುದೇ?

ಪ್ರಶ್ನೆ: ಡಾಕ್ಟರೇ, ನನಗೆ 54 ವರ್ಷ, ಹಾವೇರಿ ಜಿಲ್ಲೆಯವನು. ಹೊಲದ ಜತೆಗೆ ಒಂದು ಗೊಬ್ಬರದ ಅಂಗಡಿ ಇದೆ. 1994ರಲ್ಲಿ ಅಪಘಾತವಾಗಿ ತೊಡೆಯ ಮೂಳೆ ಮುರಿದಾಗ ಮೂರು ಬಾಟಲಿ ರಕ್ತ ಏರಿಸಿದ್ದರು. 2010ರಲ್ಲಿ ಹೆಪಟೈಟಿಸ್ ಸಿ ಇದೆ ಎಂದು ಗೊತ್ತಾಯಿತು, ವೈರಸ್ಸಿನ ಬಗೆ ಜೀನೋಟೈಪ್ 3 ಎಂದರು. ಆರು ತಿಂಗಳು ಇಂಟರ್‌ಫೆರಾನ್ ಇಂಜೆಕ್ಷನ್ ಮತ್ತು ರಿಬಾವಿರಿನ್ ತೆಗೆದುಕೊಂಡೆ. ಜ್ವರ, ನಡುಕ, ಕೂದಲು ಉದುರುವುದು ಎಲ್ಲ ಅನುಭವಿಸಿದರೂ ವೈರಸ್ ತಿರುಗಿ ಬಂತು. 2021ರಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಸೊಫೊಸ್ಬುವಿರ್ ಮತ್ತು ಡಕ್ಲಟಾಸ್ವಿರ್ ಮಾತ್ರೆಗಳನ್ನು 12 ವಾರ ಕೊಟ್ಟರು. ಮಧ್ಯದಲ್ಲಿ ಊರಿಗೆ ಹೋದಾಗ ನಾಲ್ಕು ದಿನ ತಪ್ಪಿತು. ಮಾತ್ರೆ ಮುಗಿದ ವಾರ ಮಾಡಿಸಿದ ಪರೀಕ್ಷೆಯಲ್ಲಿ ವೈರಸ್ ಇಲ್ಲ ಎಂದು ಬಂತು, ಆಮೇಲೆ ನಾನು ಹೋಗಲಿಲ್ಲ. ಈಗ ಹರ್ನಿಯಾ ಆಪರೇಷನ್‌ಗೆಂದು ರಕ್ತ ಕೊಟ್ಟರೆ ಮತ್ತೆ ಪಾಸಿಟಿವ್, ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ ಪ್ರಮಾಣ) 6,40,000. ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ನೋಡುವ ಫೈಬ್ರೋಸ್ಕ್ಯಾನ್ 17 ಬಂದಿದೆ. ಸಕ್ಕರೆ ಕಾಯಿಲೆ ಇದೆ, ಗ್ಯಾಸ್ಟ್ರಿಕ್‌ಗೆ ದಿನಾ ಪ್ಯಾಂಟೊಪ್ರಜೋಲ್ ನುಂಗುತ್ತೇನೆ. ಸರ್ಕಾರಿ ಮಾತ್ರೆ ಸತ್ವ ಇಲ್ಲದ್ದು ಎನ್ನುವವರಿದ್ದಾರೆ. ಲಿವರ್ ಬದಲಾಯಿಸುವುದೊಂದೇ ದಾರಿ ಎನ್ನುವವರೂ ಇದ್ದಾರೆ. ಸಂಬಂಧಿಕರು ನೆಲನೆಲ್ಲಿ, ಅಮೃತಬಳ್ಳಿ ಕಷಾಯ ಶುರುಮಾಡು ಎನ್ನುತ್ತಿದ್ದಾರೆ. ನನಗೆ ಇನ್ನು ಔಷಧ ಉಳಿದಿದೆಯೇ? ಹೆಂಡತಿ ಮಕ್ಕಳಿಗೆ ಅಂಟುತ್ತದೆಯೇ? 2021ರ ಮತ್ತು ಈಗಿನ ರಿಪೋರ್ಟ್‌ಗಳನ್ನು ಜತೆಗಿಟ್ಟಿದ್ದೇನೆ.

ಉತ್ತರ: ಔಷಧ ಉಳಿದಿದೆ. ಗುಣವಾಗುವ ಸಾಧ್ಯತೆ, ಆಗದಿರುವ ಸಾಧ್ಯತೆಗಿಂತ ಬಹಳ ಹೆಚ್ಚು. ಆದರೆ ನಾಳೆಯೇ ಅದೇ ಮಾತ್ರೆಯನ್ನು ಮತ್ತೆ ಶುರುಮಾಡಬೇಡಿ. 2021ರ ಚಿಕಿತ್ಸೆ ಯಾಕೆ ಫಲಿಸಲಿಲ್ಲ ಎಂಬುದನ್ನು ಮೊದಲು ಹುಡುಕಬೇಕು. ಅದಕ್ಕೆ ಎರಡು ಮೂರು ವಾರ ಸಾಕು. ಇದಕ್ಕೆ ಇಷ್ಟು ಒತ್ತು ಕೊಡಲು ಕಾರಣವಿದೆ: ಮರುಚಿಕಿತ್ಸೆ ಮತ್ತೊಮ್ಮೆ ವಿಫಲವಾದರೆ ಅದರ ಮುಂದೆ ಉಳಿಯುವ ದಾರಿ ಇನ್ನಷ್ಟು ಕಿರಿದಾಗುತ್ತದೆ.

ನಿಮ್ಮ ಮನಸ್ಸಿನಲ್ಲಿ "ಎರಡು ಸಲ ಸೋತೆ" ಎಂಬ ಲೆಕ್ಕ ಕೂತಿದೆ. ಆ ಎರಡನ್ನೂ ಕೂಡಿಸಬೇಡಿ. 2010ರ ಇಂಟರ್‌ಫೆರಾನ್ ವೈರಸ್ಸನ್ನು ನೇರವಾಗಿ ಕೊಲ್ಲುವ ಮದ್ದಲ್ಲ. ಅದು ನಿಮ್ಮ ದೇಹದ ರಕ್ಷಣಾ ವ್ಯವಸ್ಥೆಯನ್ನು ಕೆರಳಿಸಿ, ಅದರಿಂದ ಕೆಲಸ ಮಾಡಿಸುವ ಮದ್ದು. ಆ ಕಾಲದಲ್ಲಿ ಜೀನೋಟೈಪ್ 3ರವರಲ್ಲೂ ಮೂವರಲ್ಲಿ ಒಬ್ಬರಿಗೆ ಹತ್ತಿರಹತ್ತಿರ ಗುಣವಾಗುತ್ತಿರಲಿಲ್ಲ, ಜೀನೋಟೈಪ್ 1ರವರಲ್ಲಿ ಅರ್ಧದಷ್ಟು ಜನ ವಿಫಲರಾಗುತ್ತಿದ್ದರು. ಇಂಟರ್‌ಫೆರಾನ್ ಕೈಕೊಟ್ಟಿತೆಂದರೆ ಇವತ್ತಿನ ಮಾತ್ರೆಗಳಿಗೆ ವೈರಸ್ ಪ್ರತಿರೋಧ ಬೆಳೆಸಿಕೊಂಡಿದೆ ಎಂದು ಅರ್ಥವಲ್ಲ. ಈಗ ನಾವು ತಲೆಕೆಡಿಸಿಕೊಳ್ಳಬೇಕಾದದ್ದು 2021ರ ಚಿಕಿತ್ಸೆಯ ಬಗ್ಗೆ ಮಾತ್ರ.

ಮೊದಲು ಮಾತ್ರೆಯ ಸತ್ವದ ಮಾತು. ಸೊಫೊಸ್ಬುವಿರ್ ಅಮೆರಿಕದಲ್ಲಿ 2013ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದಾಗ ಒಂದು ಮಾತ್ರೆಯ ಬೆಲೆ 1000 ಡಾಲರ್ ಇತ್ತು. 2014ರ ಸೆಪ್ಟೆಂಬರ್‌ನಲ್ಲಿ ಮೂಲ ಕಂಪನಿಯಾದ ಗಿಲಿಯಡ್, ಭಾರತದ ಏಳು ಕಂಪನಿಗಳಿಗೆ ಅದನ್ನು ತಯಾರಿಸುವ ಪರವಾನಗಿ ಕೊಟ್ಟಿತು. ಮರುವರ್ಷದಿಂದ ನಮ್ಮಲ್ಲಿ ಅದು ಕೈಗೆಟುಕುವ ಬೆಲೆಗೆ ಸಿಗತೊಡಗಿತು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಈ ಮಾತ್ರೆಗಳೇ ಉಚಿತವಾಗಿ ಸಿಗುತ್ತಿವೆ. ಈ ಜೆನೆರಿಕ್ ಮಾತ್ರೆಗಳನ್ನು ನುಂಗಿ ಗುಣವಾದವರನ್ನು ನಾನು ನನ್ನ ಓಪಿಡಿಯಲ್ಲಿ ವಾರವಾರವೂ ನೋಡುತ್ತೇನೆ. ಉಚಿತ ಎಂಬ ಒಂದೇ ಕಾರಣಕ್ಕೆ ಅದನ್ನು ಅನುಮಾನಿಸಬೇಕಿಲ್ಲ.

ನಾಲ್ಕು ದಿನ ತಪ್ಪಿದ್ದಕ್ಕೆ ಇಷ್ಟು ವರ್ಷ ನಿಮ್ಮನ್ನು ನೀವೇ ಬೈದುಕೊಂಡಿರಬಹುದು. ತಪ್ಪಬಾರದಿತ್ತು, ನಿಜ. ಆದರೆ 84 ದಿನಗಳಲ್ಲಿ ಚದುರಿದಂತೆ ಕೆಲವು ದಿನ ತಪ್ಪಿಸಿದವರಲ್ಲೂ ಬಹುತೇಕರು ಗುಣವಾಗುತ್ತಾರೆ. ಇದನ್ನೇ ಮುಖ್ಯ ಕಾರಣ ಎಂದು ನಾನು ಒಪ್ಪುವುದಿಲ್ಲ, ಏಕೆಂದರೆ ನೀವು ಕಳಿಸಿದ ಕಾಗದಗಳಲ್ಲಿ ಇದಕ್ಕಿಂತ ದೊಡ್ಡ ಕಾರಣ ಕಾಣುತ್ತಿದೆ.

2021ರ ನಿಮ್ಮ ರಿಪೋರ್ಟ್‌ನಲ್ಲಿ ಲಿವರ್‌ನ ಹಾನಿ ತೋರಿಸುವ ಎಎಸ್‌ಟಿ 78, ಎಎಲ್‌ಟಿ 64, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಕಣ 1,24,000 ಇದೆ. ಆಗ ನಿಮಗೆ 50 ವರ್ಷ. ಲಿವರ್ ಗಟ್ಟಿಯಾಗಿ ಸಿರೋಸಿಸ್ ಹಂತಕ್ಕೆ ಬಂದಿದೆಯೇ ಎಂದು ಈ ಅಂಕಿಗಳಿಂದ ಅಂದಾಜು ಮಾಡಲು ಎರಡು ಸೂತ್ರಗಳಿವೆ. ಎಪಿಆರ್‌ಐ ಎಂಬುದು 2 ದಾಟಿದರೆ ಸಿರೋಸಿಸ್ ಅನುಮಾನಿಸುತ್ತಾರೆ. ನಿಮ್ಮದು ಸುಮಾರು 1.6, ಅಂದರೆ ಗೆರೆಯ ಒಳಗೇ. ಹಾಗಾಗಿ ನಿಮ್ಮನ್ನು ಸಿರೋಸಿಸ್ ಇಲ್ಲದವರ ಪಟ್ಟಿಗೆ ಸೇರಿಸಿ, ಅವರಿಗೆ ಕೊಡುವ ಸೊಫೊಸ್ಬುವಿರ್–ಡಕ್ಲಟಾಸ್ವಿರ್ 12 ವಾರ ಕೊಟ್ಟಿದ್ದಾರೆ. ಆದರೆ ವಯಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಫಿಬ್-4 ಎಂಬ ಇನ್ನೊಂದು ಸೂತ್ರದಲ್ಲಿ ನಿಮ್ಮ ಅಂಕಿ 3.9 ಬರುತ್ತದೆ. ಅದು 3.25 ದಾಟಿದರೆ ಲಿವರ್‌ನಲ್ಲಿ ಗಾಯದ ಕಲೆ ತುಂಬಾ ಮುಂದುವರಿದಿದೆ ಎಂದು ಎಣಿಸಬೇಕು. ಪ್ಲೇಟ್‌ಲೆಟ್ ಒಂದೂವರೆ ಲಕ್ಷಕ್ಕಿಂತ ಕೆಳಗಿದ್ದದ್ದೂ ಅದನ್ನೇ ಹೇಳುತ್ತಿತ್ತು. ಇದನ್ನು ಯಾರನ್ನೋ ದೂರಲು ಬರೆಯುತ್ತಿಲ್ಲ. ಎರಡು ಸೂತ್ರಗಳು ಎರಡು ಮಾತು ಹೇಳುವುದು ನಮ್ಮ ಕೆಲಸದಲ್ಲಿ ಮತ್ತೆ ಮತ್ತೆ ಆಗುತ್ತದೆ, ಮತ್ತು ಫೈಬ್ರೋಸ್ಕ್ಯಾನ್ ಯಂತ್ರ ಎಲ್ಲ ಊರಿನಲ್ಲಿ ಇಲ್ಲ.

ಇದರಿಂದ ಎಷ್ಟು ವ್ಯತ್ಯಾಸವಾಗುತ್ತದೆ ನೋಡಿ. ಜೀನೋಟೈಪ್ 3ರವರಿಗೆ ಇದೇ ಎರಡು ಮಾತ್ರೆಗಳನ್ನು 12 ವಾರ ಕೊಟ್ಟು ನಡೆಸಿದ ಆಲಿ-3 ಎಂಬ ಅಧ್ಯಯನದಲ್ಲಿ ಸಿರೋಸಿಸ್ ಇಲ್ಲದವರಲ್ಲಿ ನೂರಕ್ಕೆ 96 ಮಂದಿ ಗುಣವಾದರು. ಸಿರೋಸಿಸ್ ಇದ್ದವರಲ್ಲಿ ಗುಣವಾದವರು 63 ಮಾತ್ರ. ವೈರಸ್ ಅದೇ, ಮಾತ್ರೆ ಅದೇ, ಲಿವರ್ ಬೇರೆ. ಈಗ ನಿಮ್ಮ ಫೈಬ್ರೋಸ್ಕ್ಯಾನ್ 17 ಕಿಲೋಪಾಸ್ಕಲ್ ಇದೆ. ಹೆಪಟೈಟಿಸ್ ಸಿ ಇರುವವರಲ್ಲಿ 12.5 ದಾಟಿದರೆ ಸಿರೋಸಿಸ್ ಎನ್ನುತ್ತೇವೆ. ಇದು ನಾಲ್ಕು ವರ್ಷದಲ್ಲಿ ಹೊಸದಾಗಿ ಬಂದದ್ದಲ್ಲ, ಆಗಲೇ ಇತ್ತು ಎಂಬುದೇ ನನ್ನ ಅಂದಾಜು. ಅಂದರೆ ನಿಮ್ಮ ಲಿವರ್‌ಗೆ ಬೇಕಾದಷ್ಟು ಬಲವಾದ ಚಿಕಿತ್ಸೆ ಆಗ ಸಿಕ್ಕಿಲ್ಲ.

ಇನ್ನೊಂದು ಸಂಗತಿ. ಮಾತ್ರೆ ಮುಗಿದ ವಾರ ವೈರಸ್ ಕಾಣದಿದ್ದರೆ ಅದು ಗುಣವಾದದ್ದಕ್ಕೆ ಸಾಕ್ಷಿಯಲ್ಲ. ಮದ್ದು ಮೈಯಲ್ಲಿರುವಾಗ ವೈರಸ್ ಅಡಗಿಯೇ ಇರುತ್ತದೆ. ಮುಗಿದು 12 ವಾರ ಕಳೆದ ಮೇಲೆ, ರಕ್ತದಲ್ಲಿ ವೈರಸ್ಸೇ ಇದೆಯೇ ಎಂದು ನೋಡುವ ಆರ್‌ಎನ್‌ಎ ಪರೀಕ್ಷೆ ಮಾಡಿ, ಆಗಲೂ ಕಾಣದಿದ್ದರೆ ಮಾತ್ರ ಗುಣ ಎನ್ನುತ್ತೇವೆ. ಆ ಗಡಿ ದಾಟಿದವರಲ್ಲಿ ಹಳೆಯ ವೈರಸ್ ಮರುಕಳಿಸುವುದು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ನೀವು ಆ ಪರೀಕ್ಷೆ ಮಾಡಿಸದ ಕಾರಣ ಒಂದು ಪ್ರಶ್ನೆ ಉಳಿದುಬಿಟ್ಟಿದೆ: ಇದು ಹಳೆಯ ವೈರಸ್ಸೇ, ಅಥವಾ ಗುಣವಾಗಿ ಹೊಸದಾಗಿ ತಗಲಿದ್ದೇ? ಈ ಕಾಯಿಲೆಗೆ ಲಸಿಕೆ ಇಲ್ಲ, ಒಮ್ಮೆ ಬಂದು ಹೋದರೂ ರಕ್ಷಣೆ ಸಿಗುವುದಿಲ್ಲ. ಹಾಗಾಗಿ ಜೀನೋಟೈಪ್ ಪರೀಕ್ಷೆಯನ್ನು ಮತ್ತೆ ಮಾಡಿಸಿ. 3 ಬಿಟ್ಟು ಬೇರೆ ಬಂದರೆ ಹೊಸ ಸೋಂಕು ಎಂದು ಹೇಳಬಹುದು, ಆಗ ಚಿಕಿತ್ಸೆ ಸರಳವಾಗುತ್ತದೆ. 3 ಎಂದೇ ಬಂದರೆ, ನಿಮ್ಮ ಲಿವರ್‌ನ ಸ್ಥಿತಿ ನೋಡಿದರೆ, ಮರುಕಳಿಕೆ ಎಂದೇ ಹಿಡಿಯುತ್ತೇನೆ. (ಗುಣವಾದವರಿಗೂ ಒಂದು ಮಾತು: ಆಂಟಿಬಾಡಿ ಪರೀಕ್ಷೆ ಬಹುತೇಕರಲ್ಲಿ ಜೀವನಪೂರ್ತಿ ಪಾಸಿಟಿವ್ ಬರುತ್ತದೆ. ಅದನ್ನು ನೋಡಿ ಕಾಯಿಲೆ ಮರಳಿತೆಂದು ಗಾಬರಿಯಾಗುವವರು ಬಹಳ. ಆರ್‌ಎನ್‌ಎ ಒಂದೇ ನಿಜ ಹೇಳುವುದು.)

ಮರುಕಳಿಕೆ ಆದಾಗ ವೈರಸ್ ಒಳಗೆ ಏನಾಗಿರುತ್ತದೆ ಎಂಬುದನ್ನು ಸ್ವಲ್ಪ ಹೇಳಬೇಕು, ಯಾಕೆಂದರೆ ಮುಂದಿನ ಮದ್ದಿನ ಆಯ್ಕೆ ನಿಂತಿರುವುದು ಅದರ ಮೇಲೆ. ಹೆಪಟೈಟಿಸ್ ಸಿ ವೈರಸ್ ದಿನಕ್ಕೆ ಸುಮಾರು ಒಂದು ಲಕ್ಷ ಕೋಟಿ ಪ್ರತಿಗಳನ್ನು ಹುಟ್ಟಿಸುತ್ತದೆ, ಮತ್ತು ನಕಲು ಮಾಡುವಾಗ ವಿಪರೀತ ತಪ್ಪು ಮಾಡುತ್ತದೆ. ಆ ತಪ್ಪುಗಳಲ್ಲಿ ಕೆಲವು ಮದ್ದಿಗೆ ಬಗ್ಗದ ತಳಿಗಳಾಗುತ್ತವೆ. ಹೊಲದಲ್ಲಿ ಕಳೆನಾಶಕದ ಪ್ರಮಾಣ ಕಡಿಮೆಯಾದಾಗ ಸಾಯದೆ ಉಳಿದ ಕಳೆಯೇ ಮುಂದಿನ ಹಂಗಾಮಿಗೆ ಹಬ್ಬುವುದನ್ನು ನೀವು ನೋಡಿರುತ್ತೀರಿ, ಇಲ್ಲೂ ಹಾಗೆಯೇ. ಡಕ್ಲಟಾಸ್ವಿರ್ ಹಿಡಿಯುವುದು ವೈರಸ್ಸಿನ ಎನ್‌ಎಸ್5ಎ ಎಂಬ ಪ್ರೋಟೀನನ್ನು. ಆ ಪ್ರೋಟೀನ್‌ನಲ್ಲಿ ವೈ93ಎಚ್ ಎಂಬ ಬದಲಾವಣೆಯಾದ ತಳಿ ಜೀನೋಟೈಪ್ 3ರಲ್ಲಿ ನಮಗೆ ಹೆಚ್ಚು ಕಾಟ ಕೊಡುವಂಥದ್ದು, ಮತ್ತು ಮದ್ದು ನಿಲ್ಲಿಸಿ ವರ್ಷಗಳಾದರೂ ಅದು ಉಳಿದಿರುತ್ತದೆ. ಸೊಫೊಸ್ಬುವಿರ್ ವಿಷಯದಲ್ಲಿ ಹೀಗಿಲ್ಲ. ಅದಕ್ಕೆ ಪ್ರತಿರೋಧ ಬೆಳೆಸಿಕೊಂಡ ತಳಿ ಅಪರೂಪ, ಹುಟ್ಟಿದರೂ ದುರ್ಬಲ. ಆದ್ದರಿಂದಲೇ ಸೊಫೊಸ್ಬುವಿರ್ ಒಮ್ಮೆ ಫಲಿಸದಿದ್ದರೂ ಎರಡನೇ ಚಿಕಿತ್ಸೆಯಲ್ಲಿ ಅದೇ ಬೆನ್ನೆಲುಬಾಗಿರುತ್ತದೆ. "ಅದೇ ಮಾತ್ರೆ ಮತ್ತೆ ಬರೆದಿದ್ದಾರೆ" ಎಂದು ಆಗ ಗಾಬರಿಯಾಗಬೇಡಿ. ಅದರ ಜತೆಗಿರುವ ಮಾತ್ರೆ ಯಾವುದು, ಎಷ್ಟು ವಾರ ಎಂಬುದನ್ನು ನೋಡಿ.

ಇನ್ನು ಆಯ್ಕೆಗಳು. ಜಗತ್ತಿನ ಮಾರ್ಗಸೂಚಿಗಳಲ್ಲಿ ನಿಮ್ಮಂಥವರಿಗೆ ಮೊದಲು ಬರೆಯುವುದು ಸೊಫೊಸ್ಬುವಿರ್, ವೆಲ್ಪಟಾಸ್ವಿರ್, ವೊಕ್ಸಿಲಪ್ರೆವಿರ್ ಮೂರೂ ಸೇರಿದ ಒಂದೇ ಮಾತ್ರೆಯನ್ನು, ದಿನಕ್ಕೊಂದರಂತೆ 12 ವಾರ. 2017ರಲ್ಲಿ ಪ್ರಕಟವಾದ ಪೊಲಾರಿಸ್-1 ಅಧ್ಯಯನದಲ್ಲಿ, ಡಕ್ಲಟಾಸ್ವಿರ್‌ನಂಥ ಎನ್‌ಎಸ್5ಎ ಮದ್ದು ಆಗಲೇ ಫಲಿಸದವರಲ್ಲಿ ನೂರಕ್ಕೆ 96 ಮಂದಿ ಇದರಿಂದ ಗುಣವಾದರು. ಸಿರೋಸಿಸ್ ಇದ್ದವರಲ್ಲಿ 93. ಜೀನೋಟೈಪ್ 3 ಜತೆ ಸಿರೋಸಿಸ್ ಇದ್ದರೆ ಇದಕ್ಕೆ ರಿಬಾವಿರಿನ್ ಕೂಡಿಸಲು ಅಮೆರಿಕದ ಮಾರ್ಗಸೂಚಿ ಹೇಳುತ್ತದೆ. ತೊಂದರೆ ಎಂದರೆ ಇದು ನಮ್ಮ ಸರ್ಕಾರಿ ಕಾರ್ಯಕ್ರಮದ ಸಾಮಾನ್ಯ ಮಾತ್ರೆಗಳ ಸಾಲಿನಲ್ಲಿ ಇಲ್ಲ, ಮೆಡಿಕಲ್ ಶಾಪ್‌ನಲ್ಲಿ ಕೇಳಿದ ಕೂಡಲೇ ಸಿಗುವಂಥದ್ದೂ ಅಲ್ಲ. ತರಿಸಲು ಆಗುತ್ತದೆಯೇ ಎಂದು ನಿಮ್ಮ ಲಿವರ್ ತಜ್ಞರನ್ನು ಕೇಳಿ. ಆದರೆ ಆನ್‌ಲೈನ್‌ನಲ್ಲಿ ಯಾರೋ ಬಿಲ್ಲಿಲ್ಲದೆ, ಬ್ಯಾಚ್ ನಂಬರ್ ಇಲ್ಲದೆ ಕಳಿಸುವ ಮಾತ್ರೆಯನ್ನು ಕೊಳ್ಳಬೇಡಿ.

ಎರಡನೆಯದು, ನಮ್ಮಲ್ಲಿ ಹೆಚ್ಚಾಗಿ ಬಳಸುವ ದಾರಿ: ಸೊಫೊಸ್ಬುವಿರ್–ವೆಲ್ಪಟಾಸ್ವಿರ್ ಜತೆಗೆ ರಿಬಾವಿರಿನ್, 24 ವಾರ. ಮಾತ್ರೆಗಳು ಸರ್ಕಾರಿ ಕಾರ್ಯಕ್ರಮದಲ್ಲೇ ಇವೆ. ಆಗಲೇ ವೆಲ್ಪಟಾಸ್ವಿರ್ ಪಡೆದೂ ಗುಣವಾಗದ 69 ಜನರಿಗೆ ಇದನ್ನು ಕೊಟ್ಟಾಗ ಒಟ್ಟಾರೆ ನೂರಕ್ಕೆ 91ರ ಪ್ರಮಾಣದಲ್ಲಿ ಗುಣವಾಯಿತು. ಆದರೆ ಅವರಲ್ಲಿ ಜೀನೋಟೈಪ್ 3ರವರನ್ನು ಮಾತ್ರ ತೆಗೆದುಕೊಂಡರೆ 78. ಅದು ಸಣ್ಣ ಗುಂಪು, ಆದರೂ ಆ ಅಂಕಿಯನ್ನು ನಿಮ್ಮಿಂದ ಮುಚ್ಚಿಡುವುದು ಸರಿಯಲ್ಲ. ಮೊದಲನೆಯ ಮಾತ್ರೆ ಸಿಗುವಂತಿದ್ದರೆ ನಾನು ಅದನ್ನೇ ಆರಿಸುತ್ತೇನೆ. ಸಿಗದಿದ್ದರೆ ಅದಕ್ಕಾಗಿ ವರ್ಷಗಟ್ಟಲೆ ಕಾಯದೆ ಎರಡನೆಯದನ್ನು ಶುರುಮಾಡುತ್ತೇನೆ. ಗ್ಲೆಕಪ್ರೆವಿರ್–ಪಿಬ್ರೆಂಟಾಸ್ವಿರ್ ಎಂಬ ಇನ್ನೊಂದು ಜೋಡಿಯ ಜತೆ ಸೊಫೊಸ್ಬುವಿರ್, ರಿಬಾವಿರಿನ್ ಸೇರಿಸಿ 16 ವಾರ ಕೊಡುವ ಕ್ರಮವೂ ಇದೆ. ಅದು ಇವೂ ಫಲಿಸದವರಿಗೆ ಕಾದಿಡುವಂಥದ್ದು.

ಡಕ್ಲಟಾಸ್ವಿರ್ ಜೋಡಿಯನ್ನೇ ಇನ್ನಷ್ಟು ದಿನ ಕೊಡೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಸದ್ಯಕ್ಕೆ ಸುಮ್ಮನಿರೋಣ ಎಂಬುದೂ ನಿಮಗೆ ಹೊಂದುವ ಸಲಹೆಯಲ್ಲ. ಸಿರೋಸಿಸ್ ಇದ್ದು ವೈರಸ್ಸೂ ಇದ್ದರೆ ವರ್ಷಕ್ಕೆ ನೂರರಲ್ಲಿ ಒಬ್ಬರಿಂದ ನಾಲ್ವರವರೆಗೆ ಲಿವರ್ ಕ್ಯಾನ್ಸರ್ ಬರಬಹುದು. ವೈರಸ್ ಹೋದರೆ ಆ ಅಪಾಯ ಚೆನ್ನಾಗಿ ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ.

ಮದ್ದು ಶುರುಮಾಡುವ ಮೊದಲು ಆಗಬೇಕಾದ ಪರೀಕ್ಷೆಗಳಲ್ಲಿ ನಾನು ಎಲ್ಲಕ್ಕಿಂತ ಮುಂದೆ ಇಡುವುದು ಹೊಟ್ಟೆಯ ಸ್ಕ್ಯಾನಿಂಗ್ ಮತ್ತು ಲಿವರ್ ಕ್ಯಾನ್ಸರ್‌ನ ಸುಳಿವು ಕೊಡುವ ಎಎಫ್‌ಪಿ ಎಂಬ ರಕ್ತ ಪರೀಕ್ಷೆ. ಲಿವರ್‌ನಲ್ಲಿ ಗೆಡ್ಡೆ ಅಡಗಿದ್ದರೆ ಈ ಮಾತ್ರೆಗಳ ಯಶಸ್ಸು ಕಡಿಮೆಯಾಗುತ್ತದೆ. ಚಿಕಿತ್ಸೆ ಫಲಿಸದ ಪ್ರತಿಯೊಬ್ಬ ಸಿರೋಸಿಸ್ ರೋಗಿಯಲ್ಲೂ ಅದನ್ನು ಹುಡುಕಲೇಬೇಕು. ಅನುಮಾನ ಬಂದರೆ ಕಾಂಟ್ರಾಸ್ಟ್ ಸಿಟಿ ಸ್ಕ್ಯಾನ್. ನಿಮ್ಮ ಪ್ಲೇಟ್‌ಲೆಟ್ ಈಗ 1,08,000ಕ್ಕೆ ಇಳಿದಿರುವುದರಿಂದ ಎಂಡೋಸ್ಕೋಪಿ ಮಾಡಿ ಅನ್ನನಾಳದ ರಕ್ತನಾಳಗಳು ಉಬ್ಬಿವೆಯೇ ನೋಡಬೇಕು. ಹೆಪಟೈಟಿಸ್ ಬಿ ಪರೀಕ್ಷೆ ಕಡ್ಡಾಯ. ಬಿ ವೈರಸ್ ಒಳಗೆ ಮಲಗಿದ್ದರೆ, ಸಿ ವೈರಸ್ ಹೋಗುವಾಗ ಅದು ಎದ್ದು ಲಿವರ್‌ಗೆ ದೊಡ್ಡ ಹಾನಿ ಮಾಡಬಹುದು. ಇದರ ಬಗ್ಗೆ 2016ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಎಚ್ಚರಿಕೆ ಹೊರಡಿಸಿದರು. ಬಿ ಇಲ್ಲದಿದ್ದರೆ ಲಸಿಕೆ ಹಾಕಿಸಿಕೊಳ್ಳಿ.

ಮದ್ದಿಗೆ ಪ್ರತಿರೋಧವಿದೆಯೇ ಎಂದು ನೋಡುವ ಪರೀಕ್ಷೆ ಕೆಲವೇ ಕಡೆ ಆಗುತ್ತದೆ. ಸುಲಭವಾಗಿ ಆದರೆ ಒಳ್ಳೆಯದು. ಅದಿಲ್ಲವೆಂದು ಚಿಕಿತ್ಸೆ ತಡಮಾಡಬೇಡಿ.

ಈಗ ನಿಮ್ಮ ದಿನದ ಮಾತ್ರೆಗಳ ಬಗ್ಗೆ. ಇದನ್ನು ನೀವೂ ನಿಮ್ಮ ಮನೆಯವರೂ ಎರಡು ಸಲ ಓದಬೇಕು. ನಮ್ಮಲ್ಲಿ ಗ್ಯಾಸ್ಟ್ರಿಕ್ ಮಾತ್ರೆಯನ್ನು ಯಾರೂ ಮಾತ್ರೆ ಎಂದೇ ಎಣಿಸುವುದಿಲ್ಲ, ಡಾಕ್ಟರ್ ಕೇಳಿದಾಗ ಹೇಳುವುದೂ ಇಲ್ಲ. ಡಕ್ಲಟಾಸ್ವಿರ್‌ಗೆ ಅದರಿಂದ ಹೇಳಿಕೊಳ್ಳುವಂಥ ಅಡ್ಡಿ ಇರಲಿಲ್ಲ. ವೆಲ್ಪಟಾಸ್ವಿರ್ ಕಥೆ ಬೇರೆ: ಅದು ಕರಗಿ ಮೈಗೆ ಸೇರಬೇಕಾದರೆ ಹೊಟ್ಟೆಯಲ್ಲಿ ಆಮ್ಲ ಬೇಕು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಪ್ಯಾಂಟೊಪ್ರಜೋಲ್ ನುಂಗಿ ಆಮೇಲೆ ಇದನ್ನು ತೆಗೆದುಕೊಂಡರೆ ಬೇಕಾದಷ್ಟು ಮದ್ದು ರಕ್ತಕ್ಕೆ ಸೇರುವುದೇ ಇಲ್ಲ. ಆಗುವಂತಿದ್ದರೆ ಚಿಕಿತ್ಸೆ ನಡೆಯುವಷ್ಟು ವಾರ ಪ್ಯಾಂಟೊಪ್ರಜೋಲ್ ನಿಲ್ಲಿಸಿ. ಆಗುವುದೇ ಇಲ್ಲವೆಂದರೆ ಯಾವ ಮಾತ್ರೆ, ಎಷ್ಟು, ಎಷ್ಟು ಗಂಟೆ ಅಂತರದಲ್ಲಿ ಎಂಬುದನ್ನು ತಜ್ಞರಿಂದಲೇ ಬರೆಸಿಕೊಳ್ಳಿ. ಎದೆಯುರಿಗೆ ಕುಡಿಯುವ ಆಂಟಾಸಿಡ್ ಸಿರಪ್‌ಗೂ ನಾಲ್ಕು ಗಂಟೆ ಅಂತರ ಇರಲಿ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಮತ್ತು ಕಾರ್ಬಮಜೆಪೈನ್ ಈ ಮದ್ದುಗಳ ಬಲವನ್ನೇ ಕುಂದಿಸುತ್ತವೆ. ಹೃದಯಬಡಿತಕ್ಕೆ ಕೊಡುವ ಅಮಿಯೋಡರೋನ್ ಸೊಫೊಸ್ಬುವಿರ್ ಜತೆ ಸೇರಿದರೆ ಬಡಿತ ಅಪಾಯಕಾರಿಯಾಗಿ ನಿಧಾನವಾಗಬಹುದು. ಕೊಲೆಸ್ಟ್ರಾಲ್ ಮಾತ್ರೆ ಇದ್ದರೆ ಅದನ್ನೂ ತೋರಿಸಿ.

ರಿಬಾವಿರಿನ್ ನಿಮಗೆ ಹಳೆಯ ಪರಿಚಯ. 2010ರ ಜ್ವರ ನಡುಕ ಇಂಟರ್‌ಫೆರಾನ್‌ನದು, ಅದು ಈ ಸಲ ಇಲ್ಲ. ರಿಬಾವಿರಿನ್ ಮಾಡುವುದು ಕೆಂಪು ರಕ್ತಕಣಗಳನ್ನು ಒಡೆಯುವ ಕೆಲಸ. ಮೊದಲ ನಾಲ್ಕು ವಾರದಲ್ಲೇ ಹಿಮೋಗ್ಲೋಬಿನ್ ಎರಡು ಮೂರು ಗ್ರಾಂ ಇಳಿಯಬಹುದು, ಆದ್ದರಿಂದ ಎರಡನೇ ಮತ್ತು ನಾಲ್ಕನೇ ವಾರ ರಕ್ತ ಪರೀಕ್ಷೆ ತಪ್ಪಿಸಬೇಡಿ. ಹೃದಯದ ತೊಂದರೆ ಅಥವಾ ಕಿಡ್ನಿ ತೊಂದರೆ ಇದ್ದರೆ ಮೊದಲೇ ಹೇಳಿ. ಗರ್ಭದಲ್ಲಿರುವ ಮಗುವಿಗೆ ಇದು ಅಪಾಯಕಾರಿ. ಗಂಡಸು ತೆಗೆದುಕೊಳ್ಳುತ್ತಿದ್ದರೂ ಸರಿ, ಚಿಕಿತ್ಸೆ ನಡೆಯುವಾಗ ಮತ್ತು ಮುಗಿದ ಮೇಲೆ ಕನಿಷ್ಠ ಆರು ತಿಂಗಳು ಹೆಂಡತಿ ಗರ್ಭಿಣಿಯಾಗಬಾರದು. ನಿಮ್ಮ ವಯಸ್ಸಿಗೆ ಇದು ಅನ್ವಯಿಸದಿರಬಹುದು, ಆದರೆ ಇದನ್ನು ಓದುವ ಬೇರೆಯವರಿಗೆ ಬೇಕಾಗುತ್ತದೆ.

ಸಕ್ಕರೆ ಕಾಯಿಲೆ ಇರುವವರಿಗೆ ಎರಡು ವಿಷಯ. ಕೆಂಪು ಕಣಗಳು ಬೇಗ ಒಡೆಯುವುದರಿಂದ ರಿಬಾವಿರಿನ್ ನಡೆಯುವಾಗ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ) ಸುಳ್ಳಾಗಿ ಕಡಿಮೆ ಬರುತ್ತದೆ. ಅದನ್ನು ನಂಬದೆ ಮನೆಯ ಗ್ಲುಕೋಮೀಟರ್‌ನಲ್ಲಿ ನೋಡಿಕೊಳ್ಳಿ. ಇನ್ನೊಂದು, ವೈರಸ್ ಕಡಿಮೆಯಾಗುತ್ತಾ ಹೋದಂತೆ ಸಕ್ಕರೆ ತಾನಾಗಿ ಇಳಿಯುವುದುಂಟು. ಹಳೆಯ ಪ್ರಮಾಣದಲ್ಲೇ ಮಾತ್ರೆ ನುಂಗುತ್ತಿದ್ದರೆ ಬೆವರಿ ತಲೆಸುತ್ತಿ ಬೀಳಬಹುದು.

ಲಿವರ್ ಕಸಿಯ ಮಾತು ಈಗ ಬೇಡ. ಲಿವರ್ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ನಿಮ್ಮ ಅಂಕಿಗಳು ಚೆನ್ನಾಗಿವೆ: ಬಿಲಿರುಬಿನ್ 1.1, ಆಲ್ಬುಮಿನ್ 3.6, ಐಎನ್‌ಆರ್ 1.1. ಹೊಟ್ಟೆಯಲ್ಲಿ ನೀರಿಲ್ಲ, ಮಂಪರಿಲ್ಲ. ಇದನ್ನು ನಾವು ಚೈಲ್ಡ್ ಎ ಎನ್ನುತ್ತೇವೆ: ಲಿವರ್ ಗಟ್ಟಿಯಾಗಿದೆ, ಆದರೆ ತನ್ನ ಕೆಲಸ ಮಾಡುತ್ತಿದೆ. ಹೊಟ್ಟೆಯಲ್ಲಿ ನೀರು ತುಂಬಿದವರಿಗೆ, ಕಾಮಾಲೆ ಏರಿದವರಿಗೆ ವೊಕ್ಸಿಲಪ್ರೆವಿರ್, ಗ್ಲೆಕಪ್ರೆವಿರ್‌ಗಳನ್ನು ಕೊಡುವಂತೆಯೇ ಇಲ್ಲ, ಅವು ಲಿವರನ್ನು ಇನ್ನಷ್ಟು ಕೆಡಿಸುತ್ತವೆ. ಆ ಬಾಗಿಲು ನಿಮಗೆ ಇನ್ನೂ ತೆರೆದಿರುವಾಗಲೇ ಚಿಕಿತ್ಸೆ ಆಗಿಬಿಡಲಿ ಎಂಬುದೇ ನನ್ನ ಆತುರ. ಮುಂದೆ ಎಂದಾದರೂ ಕಸಿ ಬೇಕಾದವರು ಕರ್ನಾಟಕದಲ್ಲಿ ಜೀವಸಾರ್ಥಕತೆ ಎಂಬ ಸರ್ಕಾರಿ ಅಂಗದಾನ ಸಂಸ್ಥೆಯ ಮೂಲಕ ದಾನಿಯ ಅಂಗಕ್ಕೆ ಹೆಸರು ನೋಂದಾಯಿಸಬಹುದು. ಕಸಿಯಾದ ಮೇಲೂ ಈ ವೈರಸ್ಸಿಗೆ ಚಿಕಿತ್ಸೆ ಮಾಡಬಹುದು.

ಹರ್ನಿಯಾ ಸಿಕ್ಕಿಹಾಕಿಕೊಂಡು ನೋಯುತ್ತಿಲ್ಲವಾದರೆ, ಎಂಡೋಸ್ಕೋಪಿ ಮತ್ತು ಸ್ಕ್ಯಾನಿಂಗ್ ಆಗುವವರೆಗೆ ಅದನ್ನು ಮುಂದೂಡಿ. ಸರ್ಜನ್‌ಗೆ ಸಿರೋಸಿಸ್ ಇರುವುದು ಗೊತ್ತಿರಲೇಬೇಕು.

ಕಷಾಯದ ಬಗ್ಗೆ ನೇರವಾಗಿ ಹೇಳುತ್ತೇನೆ. ನೆಲನೆಲ್ಲಿಯಿಂದ ಕಾಮಾಲೆ ಇಳಿಯಿತು ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಗಟ್ಟಿಯಾಗಿರುವುದಕ್ಕೆ ಕಾರಣವಿದೆ: ಹೆಪಟೈಟಿಸ್ ಎ, ಇ ವೈರಸ್‌ಗಳ ಕಾಮಾಲೆ ಬಹುತೇಕರಲ್ಲಿ ಮದ್ದಿಲ್ಲದೆಯೂ ವಾಸಿಯಾಗುತ್ತದೆ, ಹೆಸರು ಕಷಾಯಕ್ಕೆ ಬರುತ್ತದೆ. ಹೆಪಟೈಟಿಸ್ ಸಿ ವೈರಸ್ಸನ್ನು ಅದು ತೆಗೆಯುವುದಿಲ್ಲ. ಅಮೃತಬಳ್ಳಿ ಇನ್ನೂ ಕಳವಳದ ವಿಷಯ. ಕೋವಿಡ್ ಕಾಲದಲ್ಲಿ ಅದನ್ನು ದಿನವೂ ಕುಡಿದು ಲಿವರ್ ಊತವಾಗಿ ಆಸ್ಪತ್ರೆ ಸೇರಿದವರ ವರದಿಗಳು ನಮ್ಮ ದೇಶದಿಂದಲೇ ಪ್ರಕಟವಾಗಿವೆ. ಸಿರೋಸಿಸ್ ಇರುವ ಲಿವರ್ ಅಂಥ ಪೆಟ್ಟು ತಾಳುವುದಿಲ್ಲ. ಹಿರಿಯರು ಪ್ರೀತಿಯಿಂದ ಕೊಡುತ್ತಾರೆ, ನೀವು ಪ್ರೀತಿಯಿಂದಲೇ ಬೇಡವೆನ್ನಿ. ಮದ್ಯ ಒಂದು ಗುಟುಕೂ ಬೇಡ.

ಮನೆಯವರ ವಿಷಯ. ಒಟ್ಟಿಗೆ ಉಂಡರೆ, ಒಂದೇ ಲೋಟದಲ್ಲಿ ನೀರು ಕುಡಿದರೆ, ಮಕ್ಕಳನ್ನು ಅಪ್ಪಿಕೊಂಡರೆ ಇದು ಅಂಟುವುದಿಲ್ಲ. ನಿಮಗೆ ಬೇರೆ ತಟ್ಟೆ ಇಟ್ಟಿದ್ದರೆ ಇವತ್ತೇ ಅದನ್ನು ಬಿಡಿ. ರಕ್ತದಿಂದ ರಕ್ತಕ್ಕೆ ಹರಡುವ ಕಾಯಿಲೆ ಇದು, ಆದ್ದರಿಂದ ಬ್ಲೇಡು, ನೇಲ್ ಕಟರ್, ಟೂತ್‌ಬ್ರಷ್ ಮಾತ್ರ ನಿಮ್ಮದು ನಿಮಗೇ ಇರಲಿ. ಗಂಡ ಹೆಂಡತಿ ನಡುವೆ ಹರಡುವುದು ಬಹಳ ಕಡಿಮೆ. ನಿಮ್ಮ ಪತ್ನಿ ಒಮ್ಮೆ ಆಂಟಿಬಾಡಿ ಪರೀಕ್ಷೆ ಮಾಡಿಸಿಕೊಂಡರೆ ಸಾಕು. ಅವರದು ನೆಗೆಟಿವ್ ಬಂದರೆ ಮಕ್ಕಳಿಗೆ ಹುಟ್ಟಿನಿಂದ ಬಂದಿರುವ ಪ್ರಶ್ನೆಯೇ ಇಲ್ಲ, ಏಕೆಂದರೆ ಹೆರಿಗೆಯಲ್ಲಿ ತಾಯಿಯಿಂದ ಬರಬಹುದೇ ಹೊರತು ತಂದೆಯಿಂದಲ್ಲ.

ಹೋಗಬೇಕಾದದ್ದು ಜಿಲ್ಲಾ ಆಸ್ಪತ್ರೆಯ ಹೆಪಟೈಟಿಸ್ ಚಿಕಿತ್ಸಾ ಕೇಂದ್ರಕ್ಕೆ. "2021ರ ಮಾತ್ರೆಗಳ ಚಿಕಿತ್ಸೆ ಫಲಿಸಿಲ್ಲ" ಎಂದು ಸ್ಪಷ್ಟವಾಗಿ ಹೇಳಿ, ಮಾದರಿ ಚಿಕಿತ್ಸಾ ಕೇಂದ್ರಕ್ಕೆ ಪತ್ರ ಕೇಳಿ. ಇಂಥ ರೋಗಿಗಳ ನಿರ್ಧಾರ ಆಗುವುದು ಅಲ್ಲಿ. 2010ರ ಜೀನೋಟೈಪ್ ಕಾಗದ, 2021ರ ಚಿಕಿತ್ಸಾ ಕಾರ್ಡ್, ಈಗಿನ ರಿಪೋರ್ಟ್, ನುಂಗುವ ಎಲ್ಲ ಮಾತ್ರೆಗಳ ಖಾಲಿ ಸ್ಟ್ರಿಪ್ ಒಂದು ಚೀಲದಲ್ಲಿರಲಿ. ಚಿಕಿತ್ಸೆ ಮುಗಿದು 12 ವಾರಕ್ಕೆ ಬರುವ ತಾರೀಕನ್ನು ಕ್ಯಾಲೆಂಡರ್‌ನಲ್ಲಿ ಈಗಲೇ ಗುರುತು ಮಾಡಿಸಿ. ವೈರಸ್ ಹೋದ ಮೇಲೂ ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ನಡೆಯುತ್ತಲೇ ಇರಬೇಕು.

ಈ ನಡುವೆ ಮಲ ಟಾರಿನಂತೆ ಕಪ್ಪಾದರೆ, ರಕ್ತ ವಾಂತಿಯಾದರೆ, ಹೊಟ್ಟೆ ಉಬ್ಬುತ್ತಾ ಬಂದರೆ, ಹಗಲು ನಿದ್ದೆ ರಾತ್ರಿ ಎಚ್ಚರ ಎಂದಾಗಿ ಮಾತು ತಪ್ಪತೊಡಗಿದರೆ, ಅಪಾಯಿಂಟ್‌ಮೆಂಟ್ ತಾರೀಕಿಗೆ ಕಾಯದೆ ಅದೇ ದಿನ ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಈ ಲಕ್ಷಣಗಳು ನಿಮ್ಮ ಪತ್ನಿಗೂ ಗೊತ್ತಿರಲಿ, ಕೊನೆಯದನ್ನು ರೋಗಿ ತಾನೇ ಗುರುತಿಸುವುದು ಕಷ್ಟ.